ಅಳಿವೆಯ ನಂಗು ಮರಿಗಳಿಗೆ ಹಿಂಡಿ ಹಾಕುವವರು ಯಾರು?

ಪ್ರಶ್ನೆ: ಸಿಂಧನೂರು ತಾಲೂಕಿನಲ್ಲಿ ಹೊಂಡ ಮಾಡಿಕೊಂಡು ಕಟ್ಲಾ, ರೋಹು ಮೀನು ಸಾಕುತ್ತಿದ್ದೇನೆ. ಕಾರವಾರಕ್ಕೆ ಹೋಗಿದ್ದಾಗ ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ, ಅಂದರೆ ಅಳಿವೆಯಲ್ಲಿ, ಒಬ್ಬರ ಬಲೆಯೊಳಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಪ್ಪಟೆ ಮೀನಿನ ಮರಿಗಳನ್ನು ನೋಡಿದೆ. ಎರಡೂ ಕಣ್ಣು ಒಂದೇ ಬದಿಗೆ, ಬಾಯಿ ಸೊಟ್ಟ, ಅದೂ ತೀರಾ ಸಣ್ಣದು. ನನ್ನ ಮರಿಗಳು ಶೇಂಗಾ ಹಿಂಡಿ, ಅಕ್ಕಿ ತೌಡು ಹಾಕದಿದ್ದರೆ ಏಳುವುದಿಲ್ಲ. ಅಲ್ಲಿ ಇವಕ್ಕೆ ಏನು ಆಹಾರ, ಯಾರು ಹಾಕುತ್ತಾರೆ? ಇವನ್ನು ನಮ್ಮ ಕಡೆ ಸಾಕಬಹುದೇ? ನನ್ನ ಒಂದು ಹೊಂಡದ ನೀರು ಹೇಗೂ ಸವುಳು.

ಉತ್ತರ: ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕೆಂದರೆ, ಹುಳು. ಕೆಸರಿನೊಳಗೆ ಕೊಳವೆ ಕಟ್ಟಿಕೊಂಡು ಬದುಕುವ ಹುಳು, ಅದರ ಅಕ್ಕಪಕ್ಕದಲ್ಲೇ ಓಡಾಡುವ ಸಿಗಡಿ ಬಳಗದ ಸೂಕ್ಷ್ಮ ಜೀವಿಗಳು, ಮತ್ತು ಕಪ್ಪೆಚಿಪ್ಪುಗಳು ಕೆಸರಿನಿಂದ ಮೇಲಕ್ಕೆ ಚಾಚುವ ನಳಿಕೆಯ ತುದಿ. ಹಾಕುವವರು ಯಾರು ಎಂದರೆ ನದಿ ಮತ್ತು ಉಬ್ಬರ-ಇಳಿತ. ಸಾಕುವ ವಿಚಾರಕ್ಕೆ ನನ್ನ ಉತ್ತರ 'ಬೇಡ' ಎಂದೇ ಇದೆ. ಆದರೆ ನೀವು ಸವುಳು ನೀರಿನ ಮಾತು ಎತ್ತಿದ್ದೀರಿ, ಅದನ್ನು ಒಂದೇ ಪದದಲ್ಲಿ ತಳ್ಳಿಹಾಕುವಂತಿಲ್ಲ. ಕೊನೆಗೆ ಅಲ್ಲಿಗೆ ಬರುತ್ತೇನೆ.

ನೀವು ನೋಡಿದ್ದು ಬಹುಮಟ್ಟಿಗೆ ನಂಗು ಮೀನಿನ ಬಳಗದ ಮರಿ. ಮಂಗಳೂರು, ಮಲ್ಪೆ ಕಡೆ ನಂಗು ಎನ್ನುವುದನ್ನು ಕೊಂಕಣಿಯವರು ಲೇಪೊ ಎನ್ನುತ್ತಾರೆ. ನಾಲಗೆಯಾಕಾರದ ಈ ಮೀನುಗಳಿಗೆ ಎರಡೂ ಕಣ್ಣು ಎಡಬದಿಯಲ್ಲಿರುತ್ತವೆ. ಅವುಗಳ ಹತ್ತಿರದ ಸಂಬಂಧಿಯಾದ ಸೋಲ್ ಮೀನುಗಳಿಗೆ ಬಲಬದಿಯಲ್ಲಿ. ಮರಿ ಹುಟ್ಟುವಾಗ ಹೀಗಿರುವುದಿಲ್ಲ. ಸಮುದ್ರದಲ್ಲಿ ಮೊಟ್ಟೆಯೊಡೆದು ಬಂದಾಗ ಅದೂ ನಿಮ್ಮ ಕಟ್ಲಾ ಮರಿಯ ಹಾಗೆ ನೆಟ್ಟಗೆ ಈಜುತ್ತದೆ, ಎರಡು ಬದಿಗೆ ಎರಡು ಕಣ್ಣು, ನೀರಿನಲ್ಲಿ ತೇಲುವ ಪ್ರಾಣಿ ಪ್ಲವಕವೆಂಬ ಸೂಕ್ಷ್ಮ ಜೀವಿಗಳೇ ಆಹಾರ. ಕೆಲವು ವಾರಗಳ ನಂತರ ಒಂದು ಕಣ್ಣು ತಲೆಯನ್ನು ದಾಟಿ ಇನ್ನೊಂದು ಬದಿಗೆ ಸರಿಯುತ್ತದೆ, ಮೈ ಒಂದು ಮಗ್ಗುಲಿಗೆ ವಾಲುತ್ತದೆ, ಮೀನು ತಳಕ್ಕಿಳಿಯುತ್ತದೆ. ಯುರೋಪಿನ ಪ್ಲೇಸ್ ಎಂಬ ಚಪ್ಪಟೆ ಮೀನಿನಲ್ಲಿ ಇದು 1ರಿಂದ 1.5 ಸೆಂಟಿಮೀಟರ್ ಉದ್ದವಿರುವಾಗಲೇ ಮುಗಿದುಹೋಗಿರುತ್ತದೆ. ನೀವು ಕಂಡ ಉಗುರಿನಷ್ಟರ ಮರಿ ಆಗಷ್ಟೇ ತಳ ಮುಟ್ಟಿದ ಮರಿ.

ತಳ ಮುಟ್ಟಿದ ದಿನದಿಂದ ಅದರ ಅಡುಗೆಮನೆಯೇ ಬೇರೆ. ತೇಲುವ ಆಹಾರ ಬಿಟ್ಟು ಕೆಸರಿನ ಮೇಲ್ಪದರದ ಆಹಾರ ಹಿಡಿಯಬೇಕು. ಬಾಯಿ ಇನ್ನೂ ಅರ್ಧ ಮಿಲಿಮೀಟರ್ ಆಚೀಚೆ ಇರುವಾಗ ಹುಳುವನ್ನು ಇಡಿಯಾಗಿ ನುಂಗಲು ಸಾಧ್ಯವಿಲ್ಲ. ಹಾಗಾಗಿ ಮೊದಲ ಕೆಲವು ವಾರಗಳ ಮುಖ್ಯ ಆಹಾರ ಹಾರ್ಪಾಕ್ಟಿಕಾಯ್ಡ್ ಎಂಬ ಕೋಪೆಪಾಡ್‌ಗಳು, ಅಂದರೆ ಸಿಗಡಿ ಬಳಗದ ಸೂಕ್ಷ್ಮ ಜೀವಿಗಳು. ನಿಮ್ಮ ನರ್ಸರಿ ಹೊಂಡದ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ ಸೋಸಿದಾಗ ಜಿಗಿದಾಡುವ ಬಿಳಿ ಚುಕ್ಕೆಗಳು ಕಾಣುತ್ತವಲ್ಲ, ಅವುಗಳಲ್ಲಿಯೂ ಕೋಪೆಪಾಡ್‌ಗಳಿವೆ. ಆದರೆ ಹಾರ್ಪಾಕ್ಟಿಕಾಯ್ಡ್ ನೀರಿನಲ್ಲಿ ತೇಲುವುದಿಲ್ಲ, ಕೆಸರಿನ ಕಣಗಳ ನಡುವೆ ತೆವಳುತ್ತದೆ. ಅದರ ಜೊತೆಗೆ ಎಳೆಯ ಹುಳುಗಳು, ಆಸ್ಟ್ರಾಕಾಡ್ ಎಂಬ ಎರಡು ಚಿಪ್ಪಿನ ಚುಕ್ಕೆ ಗಾತ್ರದ ಜೀವಿಗಳು ಸೇರುತ್ತವೆ. ಮರಿ ಮೂರು ನಾಲ್ಕು ಸೆಂಟಿಮೀಟರ್ ಆಗುವ ಹೊತ್ತಿಗೆ ಈ ಚಿಲ್ಲರೆ ಆಹಾರ ಹಿಂದೆ ಸರಿದು ಪಾಲಿಕೀಟ್ ಹುಳುಗಳು, ಅಂದರೆ ಮೈತುಂಬ ಬಿರುಗೂದಲಿರುವ ಸಮುದ್ರದ ಹುಳುಗಳು, ಮುಂದೆ ಬರುತ್ತವೆ. ಆಂಫಿಪಾಡ್ ಎಂಬ ಬಾಗಿದ ಮೈಯ ಸಣ್ಣ ಸಿಗಡಿಯಂಥ ಜೀವಿಗಳೂ ಸೇರಿಕೊಳ್ಳುತ್ತವೆ.

ಇದೆಲ್ಲ ಹೇಗೆ ಗೊತ್ತಾಗುತ್ತದೆ? ಹೊಟ್ಟೆ ಸೀಳಿ ನೋಡುವುದರಿಂದ. ಈ ಕೆಲಸ ಮಾಡಿದವರಿಗೆ ಗೊತ್ತು, ಅದು ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಬಲೆಯಿಂದ ತೆಗೆದ ಮರಿಯನ್ನು ಅಲ್ಲೇ ಫಾರ್ಮಲಿನ್‌ಗೆ ಹಾಕಬೇಕು. ಇಲ್ಲವಾದರೆ ಮೀನು ಸತ್ತ ಮೇಲೂ ಹೊಟ್ಟೆಯ ರಸ ಕೆಲಸ ಮುಂದುವರಿಸಿ ತಿಂದದ್ದನ್ನೆಲ್ಲ ಗಂಜಿ ಮಾಡಿಬಿಡುತ್ತದೆ. ಎರಡೂವರೆ ಸೆಂಟಿಮೀಟರಿನ ಒಂದು ನಂಗು ಮರಿಯ ಕರುಳನ್ನು ಗಾಜಿನ ತಟ್ಟೆಯಲ್ಲಿ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಾಣುವುದು ಬೂದು ಬಣ್ಣದ ಮಣ್ಣು. ಒಂದು ಹನಿ ನೀರು ಬಿಟ್ಟು ಸೂಜಿಯಲ್ಲಿ ಕದಡಿದರೆ ಮಣ್ಣಿನ ನಡುವೆ ಹೊಳೆಯುವ ಕಡ್ಡಿಗಳು ಎದ್ದು ಬರುತ್ತವೆ. ಅವು ಹುಳುವಿನ ಬಿರುಗೂದಲು. ಹುಳುವಿನ ಮೈ ಆಗಲೇ ಕರಗಿ ಹೋಗಿರುತ್ತದೆ, ಕೂದಲು ಮಾತ್ರ ಕರಗುವುದಿಲ್ಲ. ಕೆಲವು ಜಾತಿಯ ಹುಳುಗಳಿಗೆ ಕಪ್ಪು ಕೊಕ್ಕೆಯಂಥ ದವಡೆಯಿರುತ್ತದೆ. ಅದು ಸಿಕ್ಕರೆ ಯಾವ ಕುಟುಂಬದ ಹುಳು ಎಂದೇ ಹೇಳಬಹುದು. ಇನ್ನೊಂದು ಮೂಲೆಯಲ್ಲಿ ಕೋಪೆಪಾಡಿನ ಚಿಪ್ಪು, ಕಾಲುಗಳು ಇಡಿಯಾಗಿಯೇ ಉಳಿದಿರುತ್ತವೆ.

ಇಲ್ಲೇ ಓದುಗ ಮೋಸ ಹೋಗುವುದು. ಚಿಪ್ಪಿರುವ ಆಹಾರ ಹೊಟ್ಟೆಯಲ್ಲಿ ಬಹಳ ಹೊತ್ತು ಗುರುತು ಉಳಿಸಿಕೊಳ್ಳುತ್ತದೆ, ಮೆತ್ತನೆಯ ಆಹಾರ ಬೇಗ ಕರಗುತ್ತದೆ. ಬರೀ ತಲೆ ಎಣಿಸಿದರೆ ನೂರು ಕೋಪೆಪಾಡ್, ಒಂದು ಹುಳು ಎಂದು ಲೆಕ್ಕ ಬರುತ್ತದೆ. ತೂಕ ಹಾಕಿದರೆ ಆ ಒಂದು ಹುಳುವೇ ನೂರಕ್ಕಿಂತ ಹೆಚ್ಚು ತೂಗುತ್ತದೆ. ಆದ್ದರಿಂದ ಎಣಿಕೆ, ತೂಕ, ಎಷ್ಟು ಮೀನುಗಳ ಹೊಟ್ಟೆಯಲ್ಲಿ ಆ ಆಹಾರ ಸಿಕ್ಕಿತು ಎಂಬ ಪ್ರಮಾಣ, ಈ ಮೂರನ್ನೂ ಸೇರಿಸಿ ನೋಡುವ ಪದ್ಧತಿ ಇದೆ. ಹಳೆಯ ಪಟ್ಟಿಗಳಲ್ಲಿ 'ಮಣ್ಣು ಮತ್ತು ಕೊಳೆತ ವಸ್ತು' ಎಂದು ದೊಡ್ಡ ಪಾಲು ಕೊಟ್ಟಿರುವುದನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು. ಕೆಸರಿನೊಳಗಿನ ಹುಳುವನ್ನು ಎಳೆದು ನುಂಗುವಾಗ ಮಣ್ಣು ಜೊತೆಗೆ ಹೋಗಿಯೇ ಹೋಗುತ್ತದೆ, ಹುಳುವಿನ ಹೊಟ್ಟೆಯೊಳಗೂ ಮಣ್ಣೇ ಇರುತ್ತದೆ. ಮೀನು ಮಣ್ಣು ತಿನ್ನಲೆಂದು ಬಂದದ್ದಲ್ಲ.

ಈಗ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವ ಭಾಗಕ್ಕೆ ಬರುತ್ತೇನೆ. ಹಾಲೆಂಡಿನ ತೀರದಲ್ಲಿ ವಾಡೆನ್ ಸಮುದ್ರ ಎಂಬ ಕೆಸರು ಬಯಲಿದೆ. ಇಳಿತದಲ್ಲಿ ಮೈಲುಗಟ್ಟಲೆ ನೆಲ ತೆರೆದುಕೊಳ್ಳುತ್ತದೆ, ಉಬ್ಬರದಲ್ಲಿ ಮುಳುಗುತ್ತದೆ. ಪ್ಲೇಸ್ ಮೀನಿನ ಮರಿಗಳಿಗೆ ಅದು ದೊಡ್ಡ ನರ್ಸರಿ. 1979ರಲ್ಲಿ ಡಿ ವ್ಲಾಸ್ ಎಂಬ ಸಂಶೋಧಕರು ಅಲ್ಲಿನ ಮರಿಗಳು ತಿನ್ನುವುದನ್ನು ಲೆಕ್ಕ ಹಾಕಿದಾಗ ಕಂಡದ್ದು, ಅವು ಬಹಳಷ್ಟು ಸಲ ಪ್ರಾಣಿಯನ್ನು ಕೊಲ್ಲುವುದೇ ಇಲ್ಲ, ಅದರ ತುದಿಯನ್ನಷ್ಟೇ ಕಚ್ಚಿಕೊಂಡು ಹೋಗುತ್ತವೆ ಎಂಬುದು. ಅಲ್ಲಿ ಲಗ್‌ವರ್ಮ್ ಎಂಬ ದಪ್ಪ ಹುಳು ಕೆಸರಿನಲ್ಲಿ ಇಂಗ್ಲಿಷಿನ 'ಯು' ಆಕಾರದ ಬಿಲದಲ್ಲಿರುತ್ತದೆ. ತಿಂದ ಮಣ್ಣನ್ನು ಹೊರಹಾಕಲು ಆಗಾಗ ಹಿಂದಕ್ಕೆ ಸರಿದು ಬಾಲದ ತುದಿಯನ್ನು ನೆಲದ ಮಟ್ಟಕ್ಕೆ ತರುತ್ತದೆ. ಆ ಗಳಿಗೆಗೆ ಕಾದ ಮರಿ ಬಾಲ ಕಚ್ಚುತ್ತದೆ. ಹುಳು ಬಾಲದ ಒಂದೆರಡು ಉಂಗುರ ಬಿಟ್ಟುಕೊಟ್ಟು ಒಳಗೆ ಹೋಗುತ್ತದೆ, ಸಾಯುವುದಿಲ್ಲ. ಉಳಿದ ಉಂಗುರಗಳೇ ಉದ್ದವಾಗಿ ಬೆಳೆದು ನಷ್ಟ ತುಂಬಿಕೊಳ್ಳುತ್ತವೆ. ಕಪ್ಪೆಚಿಪ್ಪಿನ ಕಥೆಯೂ ಇದೇ. ಮಕೋಮಾ ಎಂಬ ಚಿಪ್ಪು ಕೆಸರಿನಡಿ ಹುದುಗಿ ಉಸಿರಾಟಕ್ಕೂ ಊಟಕ್ಕೂ ತೆಳು ನಳಿಕೆಯನ್ನು ಮೇಲಕ್ಕೆ ಚಾಚುತ್ತದೆ. ಮರಿ ನಳಿಕೆಯ ತುದಿ ಕತ್ತರಿಸುತ್ತದೆ, ಅದು ಮತ್ತೆ ಬೆಳೆಯುತ್ತದೆ. ನಮ್ಮಲ್ಲಿ ಪುಂಡಿಪಲ್ಯದ ಕುಡಿಯನ್ನಷ್ಟೇ ಚಿವುಟಿ ತಂದರೆ ಗಿಡ ಮತ್ತೆ ಕವಲೊಡೆಯುತ್ತದಲ್ಲ, ಈ ಮರಿಗಳ ಮೇವು ಆ ಜಾತಿಯದು.

ಆದರೆ ಇದು ಚಿಪ್ಪಿಗೆ ಪುಕ್ಕಟೆಯಲ್ಲ. ನಳಿಕೆ ಮೋಟಾದ ಚಿಪ್ಪು ಮೊದಲಿನಷ್ಟು ಆಳದಲ್ಲಿ ಇರಲಾರದು, ಮೇಲಕ್ಕೆ ಸರಿಯುತ್ತದೆ. ಮೇಲೆ ಬಂದದ್ದನ್ನು ಉದ್ದ ಕೊಕ್ಕಿನ ಹಕ್ಕಿ ಎಳೆದು ತಿನ್ನುತ್ತದೆ. ಮರಿ ಕಚ್ಚಿದ್ದಕ್ಕೆ ಹಕ್ಕಿಗೆ ಊಟ.

ಎಲ್ಲ ಚಪ್ಪಟೆ ಮೀನಿನ ಮರಿಗಳೂ ಒಂದೇ ರೀತಿ ಉಣ್ಣುವುದಿಲ್ಲ. ಈ ಬಳಗದ ಜೀರ್ಣಾಂಗ, ಆಹಾರ, ಬೇಟೆಯ ರೀತಿಗಳನ್ನು ಹೋಲಿಸಿ 1971ರಲ್ಲಿ ಡಿ ಗ್ರೂಟ್ ಎಂಬುವವರು ಮಾಡಿದ ವಿಂಗಡಣೆಯನ್ನು ಇಂದಿಗೂ ಬಳಸುತ್ತಾರೆ. ದೊಡ್ಡ ಬಾಯಿಯ ಗುಂಪು ಕಣ್ಣಿನಿಂದ ಬೇಟೆಯಾಡುತ್ತದೆ. ಜಪಾನಿನ ಹಿರಾಮೆ, ಅಮೆರಿಕದ ಬೇಸಿಗೆ ಫ್ಲೌಂಡರ್ ಇಂಥವು. ಇವುಗಳ ಮರಿಗಳಿಗೆ ತಳದ ಮೇಲೆ ಗುಂಪಾಗಿ ಈಜುವ ಮೈಸಿಡ್ ಎಂಬ ಪುಟ್ಟ ಸಿಗಡಿಯಂಥ ಜೀವಿಗಳೇ ಪ್ರಾಣ. ಸ್ವಲ್ಪ ಬೆಳೆದೊಡನೆ ನಿಜವಾದ ಸಿಗಡಿ, ಆಮೇಲೆ ಬೇರೆ ಮೀನಿನ ಮರಿ. ನಮ್ಮ ಕಡಲಿನ ಸ್ಯೂಡೊರೊಂಬಸ್ ಮತ್ತು ಹಲ್ಲು ದೊಡ್ಡದಿರುವ ಇಂಡಿಯನ್ ಹ್ಯಾಲಿಬಟ್ ಈ ದಾರಿಯವು. ಪ್ಲೇಸ್‌ನಂಥ ಸಣ್ಣ ಬಾಯಿಯ ಗುಂಪು ಹಗಲಿನಲ್ಲಿ ಕಣ್ಣಿನಿಂದಲೇ ಹುಳುವನ್ನು ಹುಡುಕುತ್ತದೆ. ಸೋಲ್ ಮತ್ತು ನಂಗು ರಾತ್ರಿಯ ಗಿರಾಕಿಗಳು. ಅವಕ್ಕೆ ಕಣ್ಣಿಗಿಂತ ಮೂಗು ಮತ್ತು ಸ್ಪರ್ಶ ಮುಖ್ಯ.

ನೀವು 'ಬಾಯಿ ಸೊಟ್ಟ' ಎಂದು ಬರೆದಿರಲ್ಲ, ಅದಕ್ಕೆ ಕಾರಣ ಇಲ್ಲಿದೆ. ನಂಗಿನ ಬಾಯಿ ಕೆಸರಿಗೆ ತಾಗಿದ ಬದಿಗೆ, ಅಂದರೆ ಕಣ್ಣಿಲ್ಲದ ಬದಿಗೆ ತಿರುಗಿಕೊಂಡಿರುತ್ತದೆ. ಹಲ್ಲುಗಳೂ ಆ ಬದಿಯಲ್ಲೇ ಬಲವಾಗಿರುತ್ತವೆ. ಸೋಲ್ ಮೀನಿನ ಕಣ್ಣಿಲ್ಲದ ಬದಿಯ ತಲೆಯನ್ನು ಭೂತಗಾಜಿನಲ್ಲಿ ನೋಡಿದರೆ ಚರ್ಮದ ಮೇಲೆ ನವಿರಾದ ಚಾಚಿಕೆಗಳು ದಟ್ಟವಾಗಿ ಕಾಣುತ್ತವೆ. ಮೀನು ಕತ್ತಲಲ್ಲಿ ತಲೆಯನ್ನು ಕೆಸರಿಗೆ ಮೆಲ್ಲನೆ ಒತ್ತುತ್ತ ಹೋಗುತ್ತದೆ, ಹುಳು ತಾಗಿದೊಡನೆ ಹೀರಿಕೊಳ್ಳುತ್ತದೆ. ಸೊಟ್ಟ ಬಾಯಿ ಊನವಲ್ಲ, ನೆಲ ನೆಕ್ಕಲು ಅದಕ್ಕಿಂತ ಅನುಕೂಲದ ಬಾಯಿ ಇರಲಾರದು. ಮಧ್ಯಾಹ್ನ ಬಲೆ ಹಾಕಿ ಸೋಲ್ ಮರಿ ಹಿಡಿದವರು 'ಹೊಟ್ಟೆ ಖಾಲಿ, ಅಳಿವೆಯಲ್ಲಿ ಆಹಾರವಿಲ್ಲ' ಎಂದು ಬರೆದರೆ ನಂಬಬೇಡಿ. ಬೆಳಗಿನ ಜಾವಕ್ಕೆ ಹಿಡಿದು ನೋಡಿ ಎಂದು ಹೇಳಿ.

ನಮ್ಮ ಪಶ್ಚಿಮ ಕರಾವಳಿಯ ಬಗ್ಗೆ ಒಂದು ಗಟ್ಟಿ ಕೆಲಸ ಬಹಳ ಹಿಂದೆಯೇ ಆಗಿದೆ. ಶೇಷಪ್ಪ ಮತ್ತು ಭೀಮಾಚಾರ್ 1955ರಲ್ಲಿ ಮಲಬಾರ್ ನಂಗಿನ ಬದುಕಿನ ಬಗ್ಗೆ ವಿವರವಾಗಿ ಬರೆದರು. ಕಲ್ಲಿಕೋಟೆ ಕಡಲಿನಲ್ಲಿ ಆ ಮೀನಿನ ಮುಖ್ಯ ಆಹಾರ ಪಾಲಿಕೀಟ್ ಹುಳುಗಳು, ಅದರಲ್ಲೂ ಪ್ರಯೋನೋಸ್ಪಿಯೋ ಎಂಬ ತೆಳುವಾದ ಹುಳು ಎಂದು ಅವರು ತೋರಿಸಿದರು. ಮಳೆಗಾಲ ಮುಗಿಯುತ್ತಿದ್ದಂತೆ ಕೇರಳ ಮತ್ತು ದಕ್ಷಿಣ ಕನ್ನಡದ ತೀರಕ್ಕೆ ರಾಶಿ ರಾಶಿ ಬರುವ ನಂಗು ಇದೇ. ಆದರೆ ಒಂದು ಅಂತರ ಗಮನದಲ್ಲಿರಲಿ. ಮಲಬಾರ್ ನಂಗು ಅಳಿವೆಗಿಂತ ತೀರದ ಆಳವಿಲ್ಲದ ಕೆಸರು ತಳವನ್ನೇ ಹೆಚ್ಚು ನೆಚ್ಚಿಕೊಂಡ ಮೀನು. ಅಳಿವೆಯೊಳಗೆ ಸಿಗುವ ಮರಿಗಳಲ್ಲಿ ಚುಕ್ಕೆ ಮೈಯ ಸಣ್ಣ ನಂಗು, ಉದ್ದ ನಂಗು, ಓರಿಯೆಂಟಲ್ ಸೋಲ್, ಸ್ಯೂಡೊರೊಂಬಸ್ ಎಲ್ಲ ಕಲೆತಿರುತ್ತವೆ. ಬಲೆಯವರು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಯಾವುದು ಯಾವ ಆಹಾರದ್ದು ಎಂಬುದು ಕಲಸಿಹೋಗುತ್ತದೆ.

ಇನ್ನು 'ಯಾರು ಹಾಕುತ್ತಾರೆ' ಎಂಬ ನಿಮ್ಮ ಪ್ರಶ್ನೆ. ನೀವು ತಮಾಷೆಗೆ ಕೇಳಿದಿರೋ ಏನೋ, ಆದರೆ ಇದರಲ್ಲೇ ಅಳಿವೆಯ ಎಲ್ಲ ಗುಟ್ಟೂ ಇದೆ. ನೀವು ಮರಿ ಬಿಡುವ ಮೊದಲು ನರ್ಸರಿ ಹೊಂಡಕ್ಕೆ ಸಗಣಿ, ಹಿಂಡಿ ಹಾಕುತ್ತೀರಿ. ಮರಿ ಸಗಣಿ ತಿನ್ನುವುದಿಲ್ಲ. ಸಗಣಿಯಿಂದ ಬ್ಯಾಕ್ಟೀರಿಯಾ, ಪಾಚಿ ಏಳುತ್ತವೆ, ಅದರಿಂದ ಮೊಯಿನಾ, ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ಹುಟ್ಟುತ್ತವೆ, ಮರಿ ಅವನ್ನು ತಿನ್ನುತ್ತದೆ. ಅಳಿವೆಯಲ್ಲಿ ಸಗಣಿಯ ಕೆಲಸವನ್ನು ಎರಡು ಮೂಲಗಳು ಮಾಡುತ್ತವೆ. ಒಂದು, ಕೆಸರಿನ ಮೇಲೆಯೇ ಬೆಳೆಯುವ ಡಯಾಟಮ್ ಪಾಚಿ. ಹಗಲಿನಲ್ಲಿ ನೀರು ಇಳಿದಾಗ ಕೆಸರು ಬಯಲಿನ ಮೇಲೆ ಕಂದು-ಹಳದಿ ಹೊಳಪು ಕಾಣುತ್ತದೆ. ಲಕ್ಷಾಂತರ ಡಯಾಟಮ್‌ಗಳು ಬೆಳಕಿಗಾಗಿ ಮೇಲಕ್ಕೆ ತೆವಳಿ ಬಂದಿರುತ್ತವೆ, ಉಬ್ಬರ ಬರುವ ಮುನ್ನ ಮತ್ತೆ ಕೆಳಗಿಳಿಯುತ್ತವೆ. ಎರಡನೆಯದು ನದಿ ಹೊತ್ತು ತರುವ ಎಲೆ, ಕೊಳೆತ ಕಸ, ಮೆಕ್ಕಲು, ಜೊತೆಗೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಎಲೆ. ಈ ಎರಡನ್ನೂ ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮರಿಗಳು.

ನದಿಯ ಪಾಲು ಎಷ್ಟು ದೊಡ್ಡದು ಎನ್ನುವುದಕ್ಕೆ ಫ್ರಾನ್ಸಿನ ರೋನ್ ನದಿಯ ಉದಾಹರಣೆ ಕಣ್ಣು ತೆರೆಸುವಂಥದ್ದು. ಪ್ರವಾಹ ಬಂದ ನಂತರ ನದೀಮುಖದ ಎದುರಿನ ತಳದಲ್ಲಿ ಪಾಲಿಕೀಟ್ ಹುಳುಗಳು ಹುಲುಸಾಗಿ ಏಳುತ್ತವೆ. ಆ ಹುಳು ತಿಂದು ಬೆಳೆದ ಸೋಲ್ ಮೀನು ಬಲೆಗೆ ಬರುವ ವಯಸ್ಸು ಮುಟ್ಟಬೇಕು. 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನದಿಯ ಹರಿವಿಗೂ ಬಲೆಗೆ ಬೀಳುವ ಸೋಲ್ ಪ್ರಮಾಣಕ್ಕೂ ಐದು ವರ್ಷದ ಅಂತರದಲ್ಲಿ ಹೊಂದಾಣಿಕೆ ಕಾಣುತ್ತದೆ. ಇಂದಿನ ಪ್ರವಾಹ ಐದು ವರ್ಷದ ನಂತರದ ಬುಟ್ಟಿಯಲ್ಲಿ ಕಾಣಿಸುತ್ತದೆ ಎಂದಾಯಿತು. ಅದೇ ನದೀಮುಖದಲ್ಲಿ ಮೀನಿನ ಮಾಂಸದ ಇಂಗಾಲದ ಐಸೊಟೋಪ್ (ತೂಕದಲ್ಲಿ ತುಸು ಬೇರೆಯಾದ ಇಂಗಾಲದ ರೂಪಗಳು) ಅಳೆದು ನೋಡಿದವರೂ ನೆಲದಿಂದ ಬಂದ ಇಂಗಾಲ ಹುಳುಗಳ ಮೂಲಕ ಸೋಲ್ ಮೈ ಸೇರುವುದನ್ನು ಕಂಡರು.

ಐಸೊಟೋಪ್ ಲೆಕ್ಕ ನಮ್ಮ ಸೀಮೆಯವರಿಗೆ ಸುಲಭವಾಗಿ ತಿಳಿಯಬೇಕು. ಭತ್ತ, ಹತ್ತಿ, ತೊಗರಿ, ಕಾಡಿನ ಮರಗಳು ಗಾಳಿಯ ಇಂಗಾಲವನ್ನು ಒಂದು ವಿಧದಲ್ಲಿ ಹಿಡಿಯುತ್ತವೆ. ಜೋಳ, ಮೆಕ್ಕೆಜೋಳ, ಕಬ್ಬು, ಸಜ್ಜೆ ಇನ್ನೊಂದು ವಿಧದಲ್ಲಿ. ಈ ವ್ಯತ್ಯಾಸ ಅವುಗಳ ಭಾರದ ಇಂಗಾಲದ ಪ್ರಮಾಣದಲ್ಲಿ ಗುರುತಾಗಿ ಉಳಿಯುತ್ತದೆ. ಒಂದು ನಿಗದಿತ ಮಾದರಿಗೆ ಹೋಲಿಸಿದಾಗ ಭತ್ತದ ಅಳತೆ ಸಾವಿರಕ್ಕೆ ಮೈನಸ್ 27ರ ಆಸುಪಾಸು, ಜೋಳದ್ದು ಮೈನಸ್ 12–13. ಸಮುದ್ರದ ತೇಲು ಪಾಚಿ ಇವೆರಡರ ನಡುವೆ, ಸುಮಾರು ಮೈನಸ್ 20–22. ತಿಂದವನ ಮೈಗೆ ಈ ಗುರುತು ಹೆಚ್ಚು ಬದಲಾಗದೆ ದಾಟುತ್ತದೆ. ಹೊಟ್ಟೆ ಸೀಳಿದರೆ ಕಳೆದ ಕೆಲವು ಗಂಟೆಗಳ ಊಟ ಗೊತ್ತಾಗುತ್ತದೆ, ಮಾಂಸ ಅಳೆದರೆ ಕಳೆದ ಕೆಲವು ವಾರಗಳದ್ದು. ಒಂದು ತೊಡಕಿದೆ: ಕೆಸರಿನ ಡಯಾಟಮ್‌ಗಳ ಅಳತೆ ಜೋಳದ ಅಳತೆಗೆ ಬಹಳ ಹತ್ತಿರ ಬರುತ್ತದೆ. ಜೋಳದ ನಾಡಿನಿಂದ ಬರುವ ನದಿಯ ಅಳಿವೆಯಲ್ಲಿ ಇಂಗಾಲ ಒಂದನ್ನೇ ನೆಚ್ಚಿ ತೀರ್ಪು ಕೊಡಬಾರದು.

ಹೀಗೆ ನೋಡಿದರೆ ನೀವು ಅಳಿವೆಗೆ ಅಪರಿಚಿತರೇನಲ್ಲ. ನಿಮ್ಮ ಹೊಂಡದ ಬಸಿನೀರು ಹಳ್ಳ ಸೇರಿ ತುಂಗಭದ್ರೆಗೆ ಹೋಗುತ್ತದೆ, ತುಂಗಭದ್ರೆ ಕರ್ನೂಲಿನ ಬಳಿ ಕೃಷ್ಣೆಗೆ, ಕೃಷ್ಣೆ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ. ಆ ನದೀಮುಖದ ಕೆಸರಿನಲ್ಲೂ ಕಾಂಡ್ಲಾ ಕಾಡಿದೆ, ನಂಗಿನ ಬಳಗವೂ ಇದೆ. ಆದರೆ ನಡುವೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು ಇವೆಲ್ಲ ಇವೆ. ನಿಮ್ಮ ಹಳ್ಳ ನದಿ ಸೇರುವುದಕ್ಕೂ ಮೇಲೆಯೇ ನಮ್ಮದೇ ಡ್ಯಾಮ್ ಇದೆ. 1953ರಲ್ಲಿ ನೀರು ನಿಂತಾಗ ತುಂಗಭದ್ರಾ ಜಲಾಶಯ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿತ್ತು. 2016ರ ಸಮೀಕ್ಷೆಯಲ್ಲಿ ಅದು 105.788ಕ್ಕೆ ಇಳಿದಿತ್ತು. ಉಳಿದ ಜಾಗದಲ್ಲಿ ಕೂತಿರುವುದು ಹೂಳು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಹೂಳಿನ ಮಾತು ಬಂದಾಗಲೆಲ್ಲ ಎರಡನೇ ಬೆಳೆಗೆ ನೀರು ಸಿಗದ ಚಿಂತೆಯೇ ಮುಂದೆ ಬರುತ್ತದೆ, ಅದು ಸಹಜ. ಅದೇ ಹೂಳಿನ ಜೊತೆ ಕೆಳಗಿನ ಅಳಿವೆಯ ಹುಳುಗಳ ಊಟದ ಒಂದು ಭಾಗವೂ ಮುನಿರಾಬಾದಿನಲ್ಲೇ ನಿಂತಿದೆ ಎಂಬುದನ್ನು ಯಾವ ಸಭೆಯಲ್ಲೂ ನಾನು ಕೇಳಿಲ್ಲ.

ನದಿ ಕಳಿಸುವುದೆಲ್ಲ ಊಟವೇ ಎಂದೂ ಹೇಳಲಾರೆ. ಭತ್ತದ ಗದ್ದೆಯ ಕೀಟನಾಶಕ ನೀರಿನಲ್ಲಿ ಹೋಗುತ್ತದೆ. ಕೆಸರಿನ ಜೀವಿಗಳಲ್ಲಿ ಆಂಫಿಪಾಡ್‌ಗಳು ವಿಷಕ್ಕೆ ಬಹಳ ಬೇಗ ಸಾಯುತ್ತವೆ, ಕೆಸರು ವಿಷಪೂರಿತವೇ ಎಂದು ಪರೀಕ್ಷಿಸಲು ಅವನ್ನೇ ಬಳಸುತ್ತಾರೆ. ಕೊಳಚೆ ಹೆಚ್ಚಾದ ಜಾಗದಲ್ಲಿ ಕ್ಯಾಪಿಟೆಲ್ಲಾ ಎಂಬ ಒಂದೇ ಬಗೆಯ ಹುಳು ಗಿಜಿಗುಡುತ್ತದೆ, ಮಿಕ್ಕವು ಮಾಯವಾಗುತ್ತವೆ. ಹುಳುವಿದೆ ಎಂದ ಮಾತ್ರಕ್ಕೆ ನರ್ಸರಿ ಚೆನ್ನಾಗಿದೆ ಎಂದಲ್ಲ.

ಮಳೆಗಾಲದ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ನೀರು ಧುಮ್ಮಿಕ್ಕಿದಾಗ ಕಾಳಿ, ಶರಾವತಿ, ನೇತ್ರಾವತಿಯ ಅಳಿವೆಗಳಲ್ಲಿ ಉಪ್ಪಿನಂಶ ಬಹಳ ಕುಸಿಯುತ್ತದೆ, ತಳದ ಕೆಸರು ಕೊಚ್ಚಿಹೋಗುತ್ತದೆ, ಹುಳುಗಳ ಸಂಖ್ಯೆ ಇಳಿಯುತ್ತದೆ. ಮಳೆ ನಿಂತ ಮೇಲೆ ಅವು ಮತ್ತೆ ತುಂಬಿಕೊಳ್ಳುತ್ತವೆ. ಯುರೋಪಿನ ಪುಸ್ತಕದಲ್ಲಿ ಚಳಿಗಾಲ, ವಸಂತ ಎಂದು ಬರೆದ ವೇಳಾಪಟ್ಟಿಯನ್ನು ನಮ್ಮ ಅಳಿವೆಗೆ ಹೊದಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಯಜಮಾನಿಕೆ ಮಳೆಯದು.

ತಿನ್ನುವುದರ ಬಗ್ಗೆ ಇಷ್ಟು ಹೇಳಿದ ಮೇಲೆ ತಿನ್ನಿಸಿಕೊಳ್ಳುವುದರ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ನರ್ಸರಿ ನಡೆಸುವ ನಿಮಗೆ ಅದರ ಬೆಲೆ ಗೊತ್ತು. ಹೊಂಡದಲ್ಲಿ ಬೆನ್ನು ಕೆಳಗಾಗಿ ಈಜುವ ಕೀಟಗಳನ್ನು ಕೊಲ್ಲಲು ಮರಿ ಬಿಡುವ ಮುನ್ನ ಸೋಪು-ಎಣ್ಣೆಯ ಮಿಶ್ರಣ ಹಾಕುತ್ತೀರಿ. ಅಳಿವೆಯಲ್ಲಿ ಆ ಕೀಟದ ಜಾಗದಲ್ಲಿ ಸಿಗಡಿ ಇದೆ. ವಾಡೆನ್ ಸಮುದ್ರದಲ್ಲಿ ಆಗಷ್ಟೇ ತಳಕ್ಕಿಳಿದ ಪ್ಲೇಸ್ ಮರಿಗಳನ್ನು ಕಂದು ಸಿಗಡಿ ಯಥೇಚ್ಛ ತಿನ್ನುತ್ತದೆ ಎಂದು 1987ರಲ್ಲಿ ವರದಿಯಾಗಿದೆ. ಮರಿ ಸುಮಾರು 3 ಸೆಂಟಿಮೀಟರ್ ದಾಟಿದರೆ ಸಿಗಡಿಯ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಹುಳು ಹೇರಳವಾಗಿದ್ದು ಬೇಗ ಬೆಳೆದ ಮರಿ ಉಳಿಯುತ್ತದೆ, ಹಸಿದು ತಡವಾದ ಮರಿ ಇನ್ನೊಬ್ಬರ ಊಟವಾಗುತ್ತದೆ. ಆಳವಿಲ್ಲದ ಬೆಚ್ಚಗಿನ ಕೆಸರು ಬಯಲಿಗೆ ಉಬ್ಬರದ ಜೊತೆ ಮರಿಗಳು ಬರುವುದಕ್ಕೂ, ಇಳಿತದ ಜೊತೆ ಕಾಲುವೆಗೆ ಸರಿಯುವುದಕ್ಕೂ ಊಟದ ಜೊತೆ ಈ ಲೆಕ್ಕವೂ ಸೇರಿದೆ.

ಈಗ ನಿಮ್ಮ ಸವುಳು ಹೊಂಡ. ತುಂಗಭದ್ರಾ ಕಾಲುವೆ ಪ್ರದೇಶದಲ್ಲಿ ಜವಳು, ಸವುಳು ಹೊಸ ವಿಷಯವೇನಲ್ಲ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ಕೆಲಸ ನಡೆದಿದೆ. ನಾಲಗೆಗೆ ಉಪ್ಪೆನಿಸಿದ ನೀರೆಲ್ಲ ಸಮುದ್ರದ ನೀರಲ್ಲ. ಸಮುದ್ರದ ನೀರಿನಲ್ಲಿ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ನಿಶ್ಚಿತ ಅನುಪಾತದಲ್ಲಿರುತ್ತವೆ. ಒಳನಾಡಿನ ಸವುಳು ನೀರಿನಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ, ಜೇಡಿಮಣ್ಣು ಅದನ್ನು ಹಿಡಿದುಬಿಡುತ್ತದೆ. ಹರಿಯಾಣದಲ್ಲಿ ಸವುಳು ನೀರಿನಲ್ಲಿ ಸಿಗಡಿ ಬೆಳೆಯುವವರು ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳನ್ನು ಹೊರಗಿನಿಂದ ಸುರಿಯುತ್ತಾರೆ. ಹಾಗೆ ಮಾಡದಿದ್ದರೆ ಸಿಗಡಿ ಪೊರೆ ಕಳಚುವಾಗಲೇ ಸಾಯುತ್ತದೆ. ಸಮುದ್ರ ಮೀನಿಗೂ ಇದೇ ತಾಪತ್ರಯ.

ಯುರೋಪಿನ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಮರಿಗಳು ನದಿಯ ಸಿಹಿನೀರಿಗೂ ಏರಿ ಬರುತ್ತವೆ, ಅಲ್ಲಿ ಬೆಳೆದು ಮೊಟ್ಟೆಯಿಡಲು ಮತ್ತೆ ಕಡಲಿಗೆ ಹೋಗುತ್ತವೆ. ಅಲಂಕಾರಿಕ ಮೀನಿನ ಅಂಗಡಿಯಲ್ಲೂ 'ಸಿಹಿನೀರ ಚಪ್ಪಟೆ ಮೀನು' ಎಂದು ಸಣ್ಣದೊಂದನ್ನು ಮಾರುತ್ತಾರೆ. ಅದನ್ನು ನೋಡಿ ಯಾರಾದರೂ ನಿಮಗೆ ಯೋಜನೆ ಬರೆದುಕೊಟ್ಟರೆ ದುಡ್ಡು ಬಿಚ್ಚಬೇಡಿ. ಜಪಾನ್ ಮತ್ತು ಕೊರಿಯಾದಲ್ಲಿ ಹಿರಾಮೆಯನ್ನು ನಿಜವಾಗಿಯೂ ಸಾಕುತ್ತಾರೆ, ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಸೋಲ್ ಸಾಕುತ್ತಾರೆ. ಎಲ್ಲವೂ ಕಡಲ ಪಕ್ಕದ ತೊಟ್ಟಿಗಳು, ಸಮುದ್ರದ ನೀರನ್ನು ಪಂಪು ಮಾಡಿ ಹರಿಸುವಂಥವು. ಸೋಲ್ ಮರಿಗೆ ಒಣ ಆಹಾರ ರೂಢಿ ಮಾಡಿಸುವುದು ದೊಡ್ಡ ತಲೆನೋವಾಗಿತ್ತು. ವಾಸನೆಯಿಂದ ಉಣ್ಣುವ ಮೀನು ಅದು, ಹುಳುವಿನ ವಾಸನೆಯಿಲ್ಲದ ಗುಳಿಗೆಯನ್ನು ಮುಟ್ಟುವುದಿಲ್ಲ. ಹುಳುವಿನ ಮೈಯಲ್ಲಿರುವ ಬೀಟೈನ್‌ನಂಥ ವಸ್ತುಗಳನ್ನು ಆಹಾರಕ್ಕೆ ಸೇರಿಸಿ ಆಸೆ ಹುಟ್ಟಿಸಬೇಕಾಯಿತು. ಶೇಂಗಾ ಹಿಂಡಿಯನ್ನು ಅದು ಮೂಸಿಯೂ ನೋಡಲಾರದು.

ಅದರ ಬದಲು ಆ ಸವುಳು ಹೊಂಡದ ನೀರನ್ನು ಲವಣಗಳ ಪೂರ್ತಿ ವಿಶ್ಲೇಷಣೆಗೆ ಕೊಡಿ. ಬರೀ ಇಸಿ (ಒಟ್ಟು ಉಪ್ಪಿನಂಶವನ್ನಷ್ಟೇ ತೋರಿಸುವ ವಿದ್ಯುತ್ ವಾಹಕತೆ) ಅಳತೆ ಸಾಲದು. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮೂರೂ ಬೇಕೆಂದು ಬರೆದುಕೊಡಿ. ಆ ಕಾಗದ ಕೈಯಲ್ಲಿದ್ದರೆ ಯಾವ ಮೀನು ಸಾಧ್ಯ ಎಂದು ಮೀನುಗಾರಿಕೆ ಇಲಾಖೆಯವರೊಂದಿಗೆ ಕೂತು ಮಾತಾಡಬಹುದು. ಸಿಹಿನೀರಿನ ಹೊಂಡದಲ್ಲಿ ನೀವು ಕಟ್ಲಾ, ರೋಹು ಮಾತ್ರ ಹೇಳಿದ್ದೀರಿ. ಇವೆರಡೂ ಮೇಲಿನ, ನಡುವಿನ ನೀರಿನ ಮೀನುಗಳು. ನಿಮ್ಮ ಹೊಂಡದ ತಳದ ಕೆಸರಿನಲ್ಲೂ ಕೆಂಪು ಹುಳುಗಳಿವೆ, ಸೊಳ್ಳೆಯನ್ನು ಹೋಲುವ ಕಚ್ಚದ ನೊಣದ ಮರಿಗಳವು. ಒಂದು ಬೊಗಸೆ ತಳಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದರೆ ಕಾಣುತ್ತವೆ. ಅವನ್ನು ಬಳಸಿಕೊಳ್ಳುವ ಮೀನು ಸಾಮಾನ್ಯ ಗೆಂಡೆ. ತಳದ ಕೊಳೆತ ಕಸಕ್ಕೆ ಮೃಗಾಲ್ ಮೀನು ಇದೆ. ಇವೆರಡನ್ನು ಸೇರಿಸದಿದ್ದರೆ ತಳದ ಮೇವು ದಂಡ.

ಮತ್ತೆ ಕಾರವಾರಕ್ಕೆ ಹೋದರೆ ಬಲೆಯವರು ಬಿಸಾಡುವ ಸತ್ತ ಮರಿಗಳಲ್ಲಿ ನಾಲ್ಕಾರನ್ನು ಕೇಳಿ ತನ್ನಿ. ಜೀವಂತ ಮರಿಗಳನ್ನು ನೀರಿಗೇ ಬಿಡಲು ಹೇಳಿ. ಫಾರ್ಮಲಿನ್ ಕೈಗೂ ಕಣ್ಣಿಗೂ ಕೆಟ್ಟದ್ದು, ಮನೆಯಲ್ಲಿ ಇಡುವ ವಸ್ತುವಲ್ಲ. ಸ್ಪಿರಿಟ್ ಸಾಕು, ಆದರೆ ಮೀನಿನ ಹೊಟ್ಟೆಯ ಮೇಲೆ ಬ್ಲೇಡಿನಿಂದ ಒಂದು ಗೀರು ಹಾಕಿ ಅದ್ದಿ, ಇಲ್ಲವಾದರೆ ಸ್ಪಿರಿಟ್ ಒಳಗೆ ಇಳಿಯುವುದಿಲ್ಲ. ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಉಬ್ಬರವೋ ಇಳಿತವೋ ಎಂದು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಬಾಟಲಿಯೊಳಗೇ ಹಾಕಿ. ಪೆನ್ನಿನ ಬರಹವನ್ನು ಸ್ಪಿರಿಟ್ ಅಳಿಸಿಬಿಡುತ್ತದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಜಾತಿ ಗುರುತಿಸಲು ಬಾಟಲಿಯನ್ನು ಅಲ್ಲಿ ತೋರಿಸಬಹುದು.